ನನ್ನ ಕಂಚಿನ ಕಂಠ ಮತ್ತು ಮೂರು ಮೈಕುಗಳು

ಮೈಕು ಇಲ್ಲದೆಯೇ ಕೊನೆಯ ಸಾಲಿನವರೆಗೂ ಕೇಳಿಸುವ ಕಂಠ ನನ್ನದು. ಇದನ್ನು ನಾನು ಹೇಳುತ್ತಿಲ್ಲ, ನಮ್ಮ ನೀರು ಸರಬರಾಜು ಕಚೇರಿಯ ಕೊನೆಯ ಸಾಲಿನವರೇ ಹೇಳುತ್ತಾರೆ. ಅವರು ಅದನ್ನು ದೂರಿನ ರೂಪದಲ್ಲಿ ಹೇಳುತ್ತಾರೆ ಎಂಬುದು ಬೇರೆ ಮಾತು. ಅಲ್ಲಿ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ಭಾಷಣ ನನ್ನದೇ. ಒಮ್ಮೆ ನನ್ನ ಮಾತು ಕೇಳಿ ಗೇಟಿನ ಕಾವಲುಗಾರ ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆತನಿಗೆ ಆ ವಾರ ಕಣ್ಣುಬೇನೆ ಇತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹಾಗೆ ಹೇಳುವವಳೇ.

ಹೀಗಾಗಿ ಮಾವನವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಸ್ಲೈಡ್ ಶೋ ಮಾಡಬೇಕೆಂದು ಹೆಂಡತಿ ಹೇಳಿದಾಗ, ಅದಕ್ಕೆ ದನಿ ಕೊಡುವವರು ಯಾರು ಎಂಬ ಪ್ರಶ್ನೆಯೇ ನನ್ನ ಮನಸ್ಸಿಗೆ ಬರಲಿಲ್ಲ. ಹೋದ ವರ್ಷ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ತಾನು ಬೆಟ್ಟ ಹತ್ತಿದ ಚಿತ್ರಗಳಿಗೆ ಬರೀ ಕೊಳಲು ಹಾಕಿ ಅರ್ಧ ಗಂಟೆ ತೋರಿಸಿದ್ದ. ಬೆಟ್ಟದ ತುದಿ ಮುಟ್ಟುವಷ್ಟರಲ್ಲಿ ಮನೆಮಂದಿಯೆಲ್ಲ ನಿದ್ದೆ ಹೋಗಿದ್ದರು. ಈ ಸಲ ಒಬ್ಬನೂ ರೆಪ್ಪೆ ಮುಚ್ಚದ ಹಾಗೆ ಮಾಡುತ್ತೇನೆ ಎಂದು ಪಣ ತೊಟ್ಟೆ.

ಮಾವನವರ ವಿಷಯ ಸ್ವಲ್ಪ ಹೇಳಬೇಕು. ಅವರು ಸೇತುವೆ ಕಟ್ಟಿಸುವ ಕೆಲಸದಲ್ಲಿ ಮೇಲ್ವಿಚಾರಕರಾಗಿದ್ದವರು. ಒಂದೊಂದು ಸೇತುವೆ ಮುಗಿದಾಗಲೂ ಅದರ ಪಕ್ಕದಲ್ಲಿ ಅತ್ತೆಯನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಪ್ರೀತಿಯಿಂದಲ್ಲ, ಅಳತೆಗೆ! "ಅವಳು ಐದಡಿ ಎರಡಿಂಚು. ಪಕ್ಕದಲ್ಲಿ ನಿಲ್ಲಿಸಿದ್ರೆ ಕಂಬದ ಎತ್ತರ ಎಷ್ಟು ಅಂತ ತಾನಾಗೇ ಗೊತ್ತಾಗುತ್ತೆ" ಎನ್ನುತ್ತಿದ್ದರು. ಹೀಗೆ ನಲವತ್ತೆರಡು ಸೇತುವೆ, ನಲವತ್ತೆರಡು ಅತ್ತೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಮಾವ ನಮ್ಮ ಮನೆಯಲ್ಲೇ ಇದ್ದಾರೆ. ಪ್ರತಿ ಭಾನುವಾರ ಆ ಆಲ್ಬಮ್ ತೆಗೆದು ಒಂದೊಂದೇ ಹಾಳೆ ತಿರುವುತ್ತಿದ್ದವರು ಈಚೆಗೆ ಅದನ್ನು ಕಪಾಟಿನ ಮೇಲಿಟ್ಟು ಸುಮ್ಮನಾಗಿದ್ದರು. ಕಣ್ಣಿನ ನಡುಭಾಗವೇ ಮಸುಕಾಗಿದೆ, ಇನ್ನು ಸರಿಹೋಗುವುದಿಲ್ಲ ಎಂದು ವೈದ್ಯರು ಹೇಳಿದ್ದರು.

"ಅಪ್ಪನಿಗೆ ಚಿತ್ರ ಕಾಣಲ್ಲ ರೀ. ಮಾತಲ್ಲೇ ಕಾಣೋ ಹಾಗೆ ಹೇಳಬೇಕು. ಅಷ್ಟಾದ್ರೆ ಸಾಕು" ಎಂದಳು ಹೆಂಡತಿ.

"ಅದನ್ನ ನನಗೆ ಬಿಡು."

"ಅದೇ ಭಯ."

ಭಾಷ್ಯ ಬರೆಯಲು ನನಗೆ ಎರಡೇ ದಿನ ಸಾಕಾಯಿತು. ಮೊದಲ ಚಿತ್ರಕ್ಕೆ ಹೀಗೆ ಬರೆದೆ: "ಇಗೋ, ಉಕ್ಕುವ ಪ್ರವಾಹಕ್ಕೆ ಎದೆಯೊಡ್ಡಿ ನಿಂತ ಶಿಲಾಕಮಾನು, ಮಾನವನ ಛಲಕ್ಕೆ ಮೂಕಸಾಕ್ಷಿ!" ಹೆಂಡತಿಗೆ ಓದಿ ಹೇಳಿದೆ. ಅವಳು ಬೀನ್ಸ್ ನಾರು ತೆಗೆಯುತ್ತಾ ಕೇಳಿ, "ಇದರಲ್ಲಿ ಅಮ್ಮ ಎಲ್ಲಿ?" ಎಂದಳು. ಅಮ್ಮ ಚಿತ್ರದಲ್ಲಿ ಇದ್ದಾರಲ್ಲ, ಎಲ್ಲರಿಗೂ ಕಾಣುತ್ತಾರಲ್ಲ ಎಂದೆ. ಅವಳು ಫಟ್ಟೆಂದು ಒಂದು ಬೀನ್ಸ್ ಮುರಿದಳು. ಆ ಮುರಿದ ಸದ್ದಿನಲ್ಲಿ ಏನೋ ಅರ್ಥವಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲು ಕಂಪ್ಯೂಟರಿನ ಒಳಗೇ ಇರುವ ಮೈಕಿನಲ್ಲಿ ಧ್ವನಿಮುದ್ರಣ ಮಾಡಿದೆ. ಹಾಕಿ ಕೇಳಿದರೆ ಫ್ರಿಜ್ಜು ಗುರುಗುಟ್ಟುತ್ತಿತ್ತು, ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ನಮ್ಮ ಮನೆ ಇಷ್ಟು ಗದ್ದಲದ ಮನೆಯೆಂದು ನನಗೆ ಗೊತ್ತೇ ಇರಲಿಲ್ಲ. ಇವೆಲ್ಲದರ ನಡುವೆ ನೆಗಡಿಯಾದ ಯಾವನೋ ಒಬ್ಬ ಮೂಗಿನಿಂದ "ಇಗೋ, ಉಕ್ಕುವ ಪ್ರವಾಹಕ್ಕೆ" ಎನ್ನುತ್ತಿದ್ದ.

"ಇದ್ಯಾರದು?" ಎಂದೆ ಗಾಬರಿಯಿಂದ.

"ನೀವೇ" ಎಂದಳು ಹೆಂಡತಿ. "ಥೇಟ್ ನೀವೇ."

ಕಂಪ್ಯೂಟರಿನ ಮೈಕು ಯಾವತ್ತೂ ಲೊಟ್ಟೆ ಎಂದು ತೀರ್ಮಾನಿಸಿ ಅಂಗಡಿಗೆ ಹೋದೆ. ಅಂಗಡಿಯವರು ಅಂಗಿಗೆ ಸಿಕ್ಕಿಸುವ ಕಡಲೆಕಾಳಿನ ಗಾತ್ರದ ಮೈಕು ಕೊಟ್ಟರು. ಮನೆಗೆ ಬಂದು ಫ್ರಿಜ್ಜಿನ ಪ್ಲಗ್ಗು ಕಿತ್ತೆ, ಗಡಿಯಾರದ ಸೆಲ್ಲು ತೆಗೆದೆ, ನಲ್ಲಿಗೆ ಬಟ್ಟೆ ಸುತ್ತಿದೆ. ಪಕ್ಕದ ಮನೆಯ ಬಡಗಿಗೆ ಒಂದು ಗಂಟೆ ಸುತ್ತಿಗೆ ಎತ್ತಬೇಡಿ ಎಂದು ಕೈಮುಗಿದು ಬಂದೆ. ಆ ಮೈಕು ನನ್ನ ಅಂಗಿಯ ಸರಪರ ಸದ್ದನ್ನೂ, ಮಧ್ಯಾಹ್ನ ನಾನು ಹೊಟ್ಟೆ ಬಿರಿಯ ಉಂಡದ್ದರ ಪೂರ್ತಿ ವರದಿಯನ್ನೂ ಹಿಡಿದುಕೊಟ್ಟಿತು. ನೆಗಡಿಯವನು ಅಲ್ಲಿಯೂ ಇದ್ದ. ಇತ್ತ ಫ್ರಿಜ್ಜಿನ ಪ್ಲಗ್ಗು ಮತ್ತೆ ಹಾಕಲು ಮರೆತು, ಸಂಜೆಗೆ ಹಾಲು ಒಡೆದು, ಅಡುಗೆಮನೆಯ ನೆಲದಲ್ಲಿ ನೀರು ನಿಂತಿತ್ತು. ಗಡಿಯಾರ ನಿಂತದ್ದರಿಂದ ಮಾವ ಮಾತ್ರೆ ನುಂಗುವ ಹೊತ್ತು ತಪ್ಪಿತು.

"ನಿಮ್ಮ ದನಿಗೋಸ್ಕರ ಮನೆಯಲ್ಲಿ ಇನ್ನು ಯಾರ್ಯಾರು ಬಾಯಿ ಮುಚ್ಚಬೇಕು ಒಂದು ಪಟ್ಟಿ ಕೊಟ್ಟುಬಿಡಿ" ಎಂದಳು ಹೆಂಡತಿ, ನೆಲ ಒರೆಸುತ್ತಾ.

ಮತ್ತೆ ಅಂಗಡಿಗೆ ಹೋದೆ. "ನಿಮ್ಮ ಮೈಕಿಗೆ ನೆಗಡಿಯಾಗಿದೆ" ಎಂದೆ. ಅಂಗಡಿಯವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು, ನನ್ನ ಮುಖ ನೋಡಿದರು, ಇನ್ನೊಮ್ಮೆ ಕೇಳಿದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಮೈಕು ಸರಿಯಾಗೇ ಇದೆ."

"ಹಾಗಂದ್ರೆ?"

"ಹಾಗೇ ಸಾರ್. ನಮ್ಮ ದನಿ ನಮಗೆ ಒಳಗಿಂದ ಬೇರೆ ಥರ ಕೇಳುತ್ತೆ. ಹೊರಗಿನವರಿಗೆ ಇದೇ ಕೇಳೋದು."

ಮೂವತ್ತು ವರ್ಷದ ಬೀಳ್ಕೊಡುಗೆ ಭಾಷಣಗಳು ಒಮ್ಮೆಲೇ ಕಣ್ಣ ಮುಂದೆ ಹಾದುಹೋದವು. ನಂಬುವ ಮಾತಲ್ಲ ಇದು ಎಂದುಕೊಂಡು, ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಮೈಕು ತೋರಿಸಿ ಎಂದೆ. ಅವರು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲುವ, ಸೋರೆಕಾಯಿಯಷ್ಟು ದಪ್ಪದ ಒಂದನ್ನು ಹೊರತೆಗೆದರು. ಅದರ ಒಂದು ಮಗ್ಗುಲಲ್ಲಿ ಹೊಳೆಯುವ ಹಿತ್ತಾಳೆಯ ಬಿಲ್ಲೆ ಇತ್ತು. "ಇದು ಎದುರಿನ ಮಾತನ್ನ ಮಾತ್ರ ಕೇಳೋ ಮೈಕು ಸಾರ್. ಹಿಂದೆ ಸಿಡಿಲು ಬಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ" ಎಂದರು. ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದರು. ನನಗೆ ಅವರ ಮಾತು ಸಾಕಾಗಿತ್ತು, ಚೀಲ ಎತ್ತಿಕೊಂಡು ಹೊರಟೆ.

ಹೆಂಡತಿ ಮಾವನನ್ನು ಕರೆದುಕೊಂಡು ವಾಕಿಂಗ್ ಹೋದ ಹೊತ್ತು ನೋಡಿ, ಊಟದ ಮೇಜಿನ ಮೇಲೆ ಮೈಕು ನಿಲ್ಲಿಸಿ ಒಂದು ಚಿತ್ರಕ್ಕೆ ದನಿ ಕೊಟ್ಟೆ. ಕೇಳಿದೆ. ಸದ್ದು ಸಣ್ಣದಾಗಿತ್ತು, ಹೆಚ್ಚಿಸಿದೆ. ಆಹಾ! ನೆಗಡಿ ಮಾಯವಾಗಿತ್ತು. ಮೂಗಿನವನು ಎದ್ದು ಹೋಗಿದ್ದ. ದೊಡ್ಡ ಸಭಾಂಗಣದ ಆಚೆ ತುದಿಯಿಂದ ಹರಿದು ಬಂದಂತೆ ಮೆತ್ತಗಿನ, ಗಂಭೀರವಾದ, ತೂಕದ ದನಿ. ಇದೇ ನನ್ನ ದನಿ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದದ್ದು. ಇನ್ನು ಪರೀಕ್ಷೆ ಬೇಡ ಎಂದು ಹೆಡ್‌ಫೋನನ್ನು ಡ್ರಾಯರಿಗೆ ಹಾಕಿದೆ.

ಭಾನುವಾರ ಬೆಳಗ್ಗೆ ಪೂರ್ತಿ ಧ್ವನಿಮುದ್ರಣಕ್ಕೆ ಕುಳಿತೆ. ಯಾವ ಸೇತುವೆ ಯಾವ ವರ್ಷದ್ದು ಎಂದು ನಡುವೆ ಕೇಳಬೇಕಾದೀತೆಂದು ಮಾವನನ್ನು ಮೇಜಿನ ಆಚೆ ಬದಿಗೆ ಕೂರಿಸಿದೆ. ಹೆಂಡತಿ ಅವರ ಪಕ್ಕದಲ್ಲಿ ಆಲ್ಬಮ್ ಇಟ್ಟುಕೊಂಡು ಕುಳಿತಳು. ನಾನು ಬೆರಳೆತ್ತಿದಾಗ ಅವಳು ಹಾಳೆ ತಿರುವಬೇಕು, ನಾನು ಕಂಪ್ಯೂಟರಿನಲ್ಲಿ ಮುಂದಿನ ಚಿತ್ರಕ್ಕೆ ಹೋಗಬೇಕು, ಇದು ವ್ಯವಸ್ಥೆ.

"ನಾವು ಮಾತಾಡಿದ್ರೆ ಅದರಲ್ಲಿ ಬೀಳಲ್ವಾ?" ಎಂದಳು.

"ಪಿಸುಗುಟ್ಟಿಕೊಳ್ಳಿ, ತೊಂದರೆ ಇಲ್ಲ. ಇದು ಎದುರಿನವರ ಮಾತು ಬಿಟ್ಟು ಬೇರೆ ಕೇಳಲ್ಲ. ನೀವು ಹಿಂದೆ ಇದ್ದೀರಿ."

"ಮತ್ತೆ ಆ ಬಿಲ್ಲೆ ನಮ್ಮ ಕಡೆ ಇದೆಯಲ್ಲ?"

ನನಗೆ ನಗು ಬಂತು. "ಅದು ಕಂಪನಿಯ ಹೆಸರು ಕಣೇ. ನೋಡೋರಿಗೆ ಕಾಣಲಿ ಅಂತ ಇರೋದು. ಯಾವ ಅಂಗಡಿಯವನಾದ್ರೂ ಬೋರ್ಡನ್ನ ಒಳಗಡೆ ತಿರುಗಿಸಿ ಹಾಕ್ತಾನಾ?"

ಅವಳು ಮಾವನ ಕಡೆ ನೋಡಿದಳು. ಮಾವ ತಮ್ಮ ಎಂದಿನ ಶೈಲಿಯಲ್ಲಿ, "ಅಳಿಯಂದ್ರು ಹೇಳಿದ ಮೇಲೆ ಇರಬಹುದು" ಎಂದರು.

ಎರಡು ಗಂಟೆ ನಾನು ಕಣ್ಣು ಮುಚ್ಚಿ, ಕೈ ಬೀಸಿ, ಪ್ರವಾಹಗಳನ್ನು ಉಕ್ಕಿಸಿದೆ, ಕಮಾನುಗಳನ್ನು ನಿಲ್ಲಿಸಿದೆ. ಆಚೆ ಬದಿಯಲ್ಲಿ ತಂದೆ ಮಗಳು ಏನೋ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ನಾನು ಕಿವಿಗೊಡಲಿಲ್ಲ. ಕಲಾವಿದನಾದವನಿಗೆ ಅಷ್ಟು ಏಕಾಗ್ರತೆ ಇರಬೇಕು.

ಹುಟ್ಟುಹಬ್ಬದ ಸಂಜೆ ಬಂತು. ಹಾಲಿನ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿದೆ. ನಾದಿನಿ, ಷಡ್ಡಕ, ಮಾವನ ಜೊತೆ ಕೆಲಸ ಮಾಡಿದ್ದ ಮೂವರು ಹಿರಿಯರು, ಪಕ್ಕದ ಮನೆಯ ಬಡಗಿ ಎಲ್ಲರೂ ಬಂದು ಕುಳಿತರು. ಮಾವನಿಗೆ ಸ್ಪೀಕರಿನ ಪಕ್ಕದ ಕುರ್ಚಿ. ನಾನು ಎದ್ದು ನಿಂತು, "ಇಂದು ನೀವು ಕೇಳಲಿರುವ ದನಿ" ಎಂದು ಶುರುಮಾಡಿ ಐದು ನಿಮಿಷ ಮಾತಾಡಿದೆ. ಷಡ್ಡಕ ಆಕಳಿಸಿದ. ಇರು ಮಗನೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಗುಂಡಿ ಒತ್ತಿದೆ.

ಬೆಡ್‌ಶೀಟಿನ ಮೇಲೆ ಮೊದಲ ಸೇತುವೆ ಮೂಡಿತು. ಸ್ಪೀಕರಿನಿಂದ, ಪಕ್ಕದಲ್ಲೇ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ, ನನ್ನ ಹೆಂಡತಿಯ ದನಿ ಬಂತು.

"ಅಪ್ಪಾ, ಇದು ಕಲ್ಲಿನ ಕಮಾನಿಂದು. ಅಮ್ಮ ಎಡಗಡೆ ಕಂಬಿ ಹಿಡ್ಕೊಂಡು ನಿಂತಿದ್ದಾಳೆ."

"ನಗ್ತಿದ್ದಾಳಾ?" ಇದು ಮಾವನ ದನಿ.

"ಇಲ್ಲ. ಹೆದರಿಕೊಂಡ ಹಾಗಿದೆ."

"ಹೆದರಿಕೆ ಅಲ್ಲ. ಚಪ್ಪಲಿ ಕಿತ್ತಿತ್ತು. ಒಂದೇ ಕಾಲಲ್ಲಿ ನಿಂತಿದ್ಲು, ಅದಕ್ಕೇ ಕಂಬಿ ಹಿಡ್ಕೊಂಡಿದ್ದು."

ಇವರಿಬ್ಬರ ಮಾತಿನ ಹಿಂದೆ, ಎಲ್ಲೋ ಬಾವಿಯ ತಳದಲ್ಲಿ, "ಇಗೋ, ಉಕ್ಕುವ" ಎಂದು ಯಾರೋ ಹೇಳುತ್ತಿರುವುದು ಕ್ಷೀಣವಾಗಿ ಕೇಳಿತು.

ನಿಲ್ಲಿಸಲು ಕೈ ಚಾಚಿದೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಾವನನ್ನು ನೋಡುತ್ತಿದ್ದಳು. ಮಾವ ಕುರ್ಚಿಯ ತುದಿಗೆ ಸರಿದು, ಸ್ಪೀಕರಿನ ಕಡೆ ಬಾಗಿ, ಕಣ್ಣು ಮುಚ್ಚಿ ಕುಳಿತಿದ್ದರು.

ಎರಡು ಸಲ ಚಿತ್ರ ಬದಲಾಯಿತು. "ಇದರಲ್ಲಿ ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಿದ್ದಾಳೆ" ಎಂದಿತು ಸ್ಪೀಕರು.

"ಮೂರನೇದು ಅದು. ಅವತ್ತು ಬೆಳಗ್ಗಿಂದ ಮಾತು ಬಿಟ್ಟಿದ್ಲು. ಬರಲ್ಲ ಅಂದ್ಲು. ಕಂಬದ ಎತ್ತರ ಗೊತ್ತಾಗಬೇಕಲ್ಲ ಮಾರಾಯ್ತಿ, ಜಗಳ ಆಮೇಲೆ ಆಡು ಬಾ ಅಂದೆ. ಬಂದು ನಿಂತ್ಲು, ಮುಖ ಮಾತ್ರ ಕೊಡಲಿಲ್ಲ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಮಾವನ ಜೊತೆಯ ಹಿರಿಯರೊಬ್ಬರು, "ಹೌದು ಹೌದು, ಆವತ್ತು ನಮ್ಮ ಯಾರಿಗೂ ಟೀ ಕೂಡ ಮಾಡಿಕೊಡಲಿಲ್ಲ" ಎಂದರು. ಹದಿನೆಂಟನೆಯ ಚಿತ್ರದಲ್ಲಿ ಅತ್ತೆ ಕಂಬಕ್ಕೆ ಒರಗಿದ್ದರು. "ಅದು ನೀನು ಹೊಟ್ಟೇಲಿದ್ದಾಗ" ಎಂದಿತು ಮಾವನ ದನಿ. ಆಮೇಲೆ ಹೆಂಡತಿ ಮೆಲ್ಲಗೆ ಆ ಹಾಳೆ ಸವರಿದ ಸದ್ದು ಕೇಳಿತು. ಅದರ ಹಿಂದೆ ನನ್ನ ಶಿಲಾಕಮಾನುಗಳು ದೂರದಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದ್ದವು. ನಡುನಡುವೆ ನನಗೂ ಪಾಲು ಸಿಕ್ಕಿತು. "ಅವರೇನಮ್ಮ ಹಾಗೆ ಕೈ ಬೀಸ್ತಿದ್ದಾರೆ? ಗಾಳಿ ಬರ್ತಿದೆ" ಎಂದು ಮಾವ. "ಬಿಡಪ್ಪ, ಪ್ರವಾಹ ಬಂದಿದೆ" ಎಂದು ಹೆಂಡತಿ. ಷಡ್ಡಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದ.

ಒಬ್ಬರೂ ರೆಪ್ಪೆ ಮುಚ್ಚಲಿಲ್ಲ. ನನ್ನ ಪಣ ಗೆದ್ದಿತ್ತು, ಗೆದ್ದವನು ಮಾತ್ರ ನಾನಾಗಿರಲಿಲ್ಲ. ಕತ್ತಲೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ನಲವತ್ತೆರಡು ಚಿತ್ರಕ್ಕೆ ನಾನು ಬರೆದ ಭಾಷ್ಯದಲ್ಲಿ ಅತ್ತೆಯ ಹೆಸರು ಒಂದು ಸಲವೂ ಬಂದಿರಲಿಲ್ಲ. ಮಾವ ಕೇಳಿದ್ದು ಒಂದೇ ಪ್ರಶ್ನೆ, ಪ್ರತಿ ಹಾಳೆಗೂ ಅದೇ, ನಗ್ತಿದ್ದಾಳಾ ಎಂದು. ಅದಕ್ಕೆ ಉತ್ತರ ನನ್ನ ಬರಹದಲ್ಲಿ ಎಲ್ಲೂ ಇರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಕೊನೆಯ ಚಿತ್ರ ಬಂತು. "ಇದರಲ್ಲಿ ನಗ್ತಿದ್ದಾಳೆ ಅಪ್ಪ. ಚೆನ್ನಾಗಿ ನಗ್ತಿದ್ದಾಳೆ" ಎಂದಿತು ಸ್ಪೀಕರು. "ನಗದೆ ಏನು, ಇನ್ನು ಮೇಲೆ ಬಿಸಿಲಲ್ಲಿ ನಿಲ್ಲೋ ಕೆಲಸ ತಪ್ಪಿತಲ್ಲ" ಎಂದಿತು ಮಾವನ ದನಿ. ಅಲ್ಲಿಗೆ ಮುಗಿಯಿತು.

ದೀಪ ಹಾಕಿದಾಗ ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಕಣ್ಣುಬೇನೆಯೆಂದು ಹೆಂಡತಿ ಹೇಳಲಿಲ್ಲ. ನಾನು ಮೆಲ್ಲಗೆ ಹೋಗಿ ಅವರ ಪಕ್ಕ ಕುಳಿತೆ. ಮೈಕು ತಿರುಗುಮುರುಗಾಗಿತ್ತು, ಬಿಲ್ಲೆಯ ಕಡೆಯೇ ಅದರ ಎದುರು, ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಅಳಿಯಂದ್ರೇ, ನಲವತ್ತೆರಡನ್ನೂ ಕಣ್ಣಾರೆ ನೋಡಿದ ಹಾಗಾಯ್ತು. ಇನ್ನು ಪ್ರತಿ ಭಾನುವಾರ ಇದನ್ನ ಹಾಕಿಕೊಡಿ."

"ಖಂಡಿತ ಮಾವ" ಎಂದೆ.

"ಒಂದೇ ಒಂದು ಕೊರತೆ." ಅವರು ದನಿ ತಗ್ಗಿಸಿದರು. "ಫ್ರಿಜ್ಜು ನಿಲ್ಲಿಸಿದ್ರಿ, ಗಡಿಯಾರ ನಿಲ್ಲಿಸಿದ್ರಿ, ಪಕ್ಕದ ಮನೆ ಬಡಗೀನೂ ನಿಲ್ಲಿಸಿದ್ರಿ. ಆ ಹಿಂದೆ ಒಬ್ಬರು ಕೊನೇವರೆಗೂ ಗೊಣಗ್ತಾನೇ ಇದ್ರಲ್ಲ, ಅವರಿಗೂ ಒಂದು ಮಾತು ಹೇಳಬಹುದಿತ್ತು."