ಕುಂಕುಮ ಇಟ್ಟ ಬಿಯರ್ ಫ್ರಿಜ್

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ನೇರವಾಗಿ ಬಿಯರ್ ಮಾರಲು ಹೋಗುವವನ ಬದುಕಿನಲ್ಲಿ ನಗುವಂಥದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಂಗಡಿ ಬಾಗಿಲ ಗಂಟೆ ಬಾರಿಸಿಕೊಂಡು ಅದೇ ಒಳಗೆ ಬರುತ್ತದೆ.

ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಬೆನ್ನು ನೋವು ಶುರುವಾದ ಮೇಲೆ ನಾನೂ ನನ್ನ ಹೆಂಡತಿಯೂ ಸೇರಿ ವಿದನ್‌ಶಾ ಎಂಬ ಬಡಾವಣೆಯಲ್ಲಿ ಒಂದು ಮೂಲೆ ಅಂಗಡಿ ಕೊಂಡೆವು. ಹೊರಗಿನಿಂದ ನೋಡಿದರೆ ಹಾಲು, ಬ್ರೆಡ್ಡು, ಪೇಪರು, ಒಂದಿಷ್ಟು ಸೊಪ್ಪು. ಒಳಗೆ ಹೋದರೆ ಹಿಂದಿನ ಗೋಡೆಯುದ್ದಕ್ಕೂ ಫ್ರಿಜ್ಜುಗಳು. ಅವುಗಳ ತುಂಬ ಸಣ್ಣ ಸಣ್ಣ ತಯಾರಕರ ಕ್ರಾಫ್ಟ್ ಬಿಯರ್. ಲೀಡ್ಸ್‌ನದು, ಶೆಫೀಲ್ಡ್‌ನದು, ಇಲ್ಲೇ ರೈಲು ಸೇತುವೆಯ ಕಮಾನಿನ ಕೆಳಗೆ ಯಾರೋ ಇಬ್ಬರು ಗೆಳೆಯರು ಸೇರಿ ಮಾಡಿದ್ದು, ಹೀಗೆ ನೂರಾರು ಬಗೆ.

ಹಿಂದಿನ ಮಾಲೀಕ ಬೀಗದ ಕೈ ಕೊಡುವಾಗ ಎದೆ ಮುಟ್ಟಿಕೊಂಡು ಹೇಳಿದ್ದ: "ನಾನೇ ಕುಡಿದು ನೋಡದ ಒಂದು ಬಗೆಯನ್ನೂ ಮಾರಿಲ್ಲ. ಜನ ಬರೋದೇ ಅದಕ್ಕೆ. ನೀವೂ ಹಾಗೇ ನಡೆಸಿಕೊಂಡು ಹೋಗಿ."

ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ, ಮುಟ್ಟುವವನೂ ಅಲ್ಲ. ಆದರೆ ಟ್ರಾಮ್ ನಿಲ್ದಾಣದ ಹತ್ತಿರ ಇನ್ನೊಂದು ಬಿಯರ್ ಅಂಗಡಿ ಆಗಲೇ ತೆರೆದಿತ್ತು. ವಿಷಯ ಗೊತ್ತಾದರೆ ಗಿರಾಕಿಗಳು ಅಲ್ಲಿಗೆ ಹೋಗುತ್ತಾರೆ. ಬರೀ ಹಾಲು ಬ್ರೆಡ್ಡು ಮಾರಿ ಈ ಅಂಗಡಿ ಉಳಿಯುವುದಿಲ್ಲ. ಬಾಯಿ ಬಿಡಬಾರದು ಎಂದು ತೀರ್ಮಾನ ಮಾಡಿದೆ. ಸುಳ್ಳು ಹೇಳಲಿಲ್ಲ, ಕೇಳುವ ತನಕ ಸುಮ್ಮನಿದ್ದೆ.

ನೋಟ್‌ಬುಕ್

ಹೇಳಲು ಗೊತ್ತಿಲ್ಲದವನು ಕೇಳಬೇಕು. ಬಿಯರ್ ಒಯ್ದವರು ಮತ್ತೆ ಬಂದಾಗ "ಹೇಗಿತ್ತು?" ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡತೊಡಗಿದೆ. ಕೇಳುತ್ತ ಕೇಳುತ್ತ ನನಗೇ ಕುತೂಹಲ ಹತ್ತಿತು. ಕಪ್ಪನೆಯದು: ಬೆಲ್ಲ ಹಾಕದ ಗಟ್ಟಿ ಡಿಕಾಕ್ಷನ್. ಇನ್ನೊಂದು: ಹಾಗಲಕಾಯಿ ಗೊಜ್ಜು, ಹಿಂದೆಯೇ ಕಿತ್ತಳೆ ಸಿಪ್ಪೆ.

ಒಬ್ಬ ನಿವೃತ್ತ ನರ್ಸಮ್ಮ ಒಂದು ಹುಳಿ ಬಿಯರಿನ ಬಗ್ಗೆ ವಿಚಾರಿಸಿದರು. ನಾನು ಪುಟ ತಿರುಗಿಸಿ, "ಮೂರು ದಿನದ ಮಜ್ಜಿಗೆ, ಉಪ್ಪು ಒಂದು ಚಿಟಿಕೆ ಹೆಚ್ಚು, ಮೇಲೆ ಕೊತ್ತಂಬರಿ ಬೀಜ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮಾರನೆಯ ದಿನ ಬಂದು, "ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ" ಎಂದು ಕೈ ಕುಲುಕಿದರು.

ನನ್ನ ಹೆಂಡತಿ ಬಾಟಲಿ ಹಿಡಿದು, ಕನ್ನಡಕ ಏರಿಸಿ, ಹಿಂಬದಿಯ ಚೀಟಿ ಓದಿದಳು. ನಿಜಕ್ಕೂ ಉಪ್ಪು, ಕೊತ್ತಂಬರಿ ಬೀಜ ಎಂದೇ ಇತ್ತು.

"ರೀ, ಇದಕ್ಕೆ ಒಗ್ಗರಣೆ ಒಂದು ಹಾಕಿದ್ರೆ ಅನ್ನಕ್ಕೆ ಕಲಸಬಹುದಿತ್ತಲ್ರೀ."

ಬೊಟ್ಟು

ಆಯುಧ ಪೂಜೆಯ ದಿನ ಗಲ್ಲಾಪೆಟ್ಟಿಗೆ, ತಕ್ಕಡಿ, ಹಾಲಿನ ಫ್ರಿಜ್ಜು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಬಿಯರ್ ಫ್ರಿಜ್ಜಿನ ಮುಂದೆ ಕೈ ನಿಂತಿತು.

"ಇದಕ್ಕೂ ಇಡಬೇಕಾ?" ಎಂದೆ.

"ನಮಗೆ ಅನ್ನ ಹಾಕ್ತಿರೋದು ಯಾವುದು? ಹಾಲಾ?" ಎಂದಳು ಹೆಂಡತಿ.

ಸಾಲಿನ ನಡುವಿನ ಫ್ರಿಜ್ಜಿನ ಗಾಜಿಗೆ ಒಂದೇ ಒಂದು ಬೊಟ್ಟು ಇಟ್ಟು ಬಂದೆ. ಅದರ ನೇರಕ್ಕೆ ಒಳಗೆ ಯಾವುದೋ ಒಂದು ಬಗೆಯ ಕ್ಯಾನುಗಳಿದ್ದವು, ತಿಂಗಳುಗಟ್ಟಲೆ ಯಾರೂ ಮುಟ್ಟದೆ ಉಳಿದಂಥವು. ಸಂಜೆ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಬೊಟ್ಟು ಒರೆಸಿಯಾದ ಮೇಲೆ, ಮುಂದಿನ ವಾರ ಬಂದವರೊಬ್ಬರು ಗಾಜನ್ನೆಲ್ಲ ಬಗ್ಗಿ ಬಗ್ಗಿ ನೋಡಿ ಕೇಳಿದರು: "ಈ ವಾರದ ನಿಮ್ಮ ಆಯ್ಕೆಗೆ ಇನ್ನೂ ಕೆಂಪು ಗುರುತು ಹಾಕಿಲ್ವಾ?"

ಕೊತ್ತಂಬರಿ ಸೊಪ್ಪು

ಹತ್ತಿರದ ಆಸ್ಪತ್ರೆಯ ಕನ್ನಡದ ಡಾಕ್ಟರೊಬ್ಬರು ಶನಿವಾರ ಬೆಳಿಗ್ಗೆ ಬಂದು ಬುಟ್ಟಿಯಲ್ಲಿ ನಾಲ್ಕು ಬಿಯರ್ ಇಟ್ಟುಕೊಂಡರು. ಅಷ್ಟರಲ್ಲಿ ಅವರ ಮೇಲಿನ ಡಾಕ್ಟರು, ಅವರೂ ನಮ್ಮವರೇ, ಬಾಗಿಲಲ್ಲಿ ಕಂಡರು. ಇವರು ಕೈಗೆ ಸಿಕ್ಕಿದ ಕೊತ್ತಂಬರಿ ಕಟ್ಟುಗಳನ್ನೆಲ್ಲ ಬಿಯರಿನ ಮೇಲೆ ಹೊದಿಸಿದರು.

"ಏನ್ರೀ, ಇಷ್ಟೊಂದು ಕೊತ್ತಂಬರಿ?"

"ಮನೇಲಿ... ಚಟ್ನಿ ಸಾರ್. ತಾವು?"

"ನಾನೂ ಅದಕ್ಕೇ ಬಂದೆ."

ಇವರು ಹೋದ ಮೇಲೆ ಹಿರಿಯರು ನೇರವಾಗಿ ಬಿಯರ್ ಫ್ರಿಜ್ಜಿಗೆ ನಡೆದು ಆರು ತೆಗೆದುಕೊಂಡು, ಖಾಲಿಯಾದ ಸೊಪ್ಪಿನ ತಟ್ಟೆಯನ್ನು ನೋಡಿ ತಳಮಳಿಸಿದರು: "ಯಜಮಾನ್ರೇ, ಪೂರ್ತಿ ಅವನಿಗೇ ಕೊಟ್ಟುಬಿಟ್ರಾ? ಇದನ್ನ ನಾನು ಏನು ಮುಚ್ಚಿಕೊಂಡು ಮನೆಗೆ ಹೋಗ್ಲಿ?"

ಮೂರು ಲೋಟ

ನಮ್ಮ ಬಿಯರ್ ಗಿರಾಕಿಗಳದ್ದೊಂದು ಸಂಘವಿದೆ. ಹಿಂದೆ ಬಸ್ ಓಡಿಸುತ್ತಿದ್ದ ಒಬ್ಬರು ಅದಕ್ಕೆ ಮುಖ್ಯಸ್ಥರು. ವರ್ಷಕ್ಕೊಮ್ಮೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರುತ್ತಾರೆ. ಈ ಸಲ ನಮ್ಮಿಬ್ಬರನ್ನೂ ಕರೆದರು. ಹೆಂಡತಿ ಒಂದು ಡಬ್ಬಿ ಚಕ್ಕುಲಿ ಮಾಡಿ ತಂದಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಡ್ರೈವರ್ ಸಾಹೇಬರು ನನ್ನ ಮುಂದೆ ಮೂರು ಲೋಟ ತಂದಿಟ್ಟು, "ಈ ವರ್ಷದ ಒಳ್ಳೆಯ ಬಿಯರ್ ಯಾವುದು ಅಂತ ನೀವೇ ಕುಡಿದು ಹೇಳಬೇಕು" ಎಂದರು.

ಮೊದಲ ಲೋಟ ಎತ್ತಿ ಮೂಸಿದೆ. ಎರಡನೆಯದನ್ನು ಬೆಳಕಿಗೆ ಹಿಡಿದೆ. ಮೂರನೆಯದರ ನೊರೆ ಇಳಿಯುವ ತನಕ ಕಾದೆ. ಇನ್ನು ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದಳು, ಮನೆಗೆ ಹೊರಡೋಣ ಎನ್ನುವಂತೆ. ಟ್ರಾಮ್ ನಿಲ್ದಾಣದ ಆ ಅಂಗಡಿ ಕಣ್ಣ ಮುಂದೆ ಬಂತು. ಲೋಟ ಕೆಳಗಿಟ್ಟು ಕೈ ಮುಗಿದೆ.

"ಕ್ಷಮಿಸಬೇಕು. ನಾನು ಇವತ್ತಿನವರೆಗೂ ಒಂದು ಹನಿ ಕುಡಿದಿಲ್ಲ. ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಿಮಗೆ ಹೇಳಿದ್ದೆಲ್ಲ ನೀವೇ ನನಗೆ ಹೇಳಿದ್ದು."

ಯಾರೂ ಬೆಚ್ಚಿಬೀಳಲಿಲ್ಲ. ಒಬ್ಬರು ಕೈಯಲ್ಲಿದ್ದ ಚಕ್ಕುಲಿ ಕಡಿದರು.

"ಅದು ಮೊದಲ ವಾರವೇ ಗೊತ್ತಾಯ್ತು," ಎಂದರು ನರ್ಸಮ್ಮ. "ಬಿಯರ್ ಕುಡಿಯೋರು ಹೇಗಿತ್ತು ಅಂತ ನಮ್ಮನ್ನ ಕೇಳ್ತಾರಾ? ತಾವೇ ಹೇಳೋಕೆ ಶುರು ಮಾಡಿ ನಿಲ್ಲಿಸೋದೇ ಇಲ್ಲ."

ನನಗೆ ಅರ್ಥವಾಗಲಿಲ್ಲ. "ಗೊತ್ತಿದ್ದೂ ಯಾಕೆ ನನ್ನ ಅಂಗಡಿಗೇ ಬರುತ್ತೀರಿ?"

ಡ್ರೈವರ್ ಸಾಹೇಬರು ನನ್ನ ಮುಂದಿದ್ದ ಮೂರು ಲೋಟಗಳನ್ನೂ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಹಿಂದಿನ ಮಾಲೀಕ ಪ್ರತಿಯೊಂದನ್ನೂ ಕುಡಿದು ನೋಡ್ತಿದ್ದ, ಮೇಟ್. ಚೆನ್ನಾಗಿದ್ರೆ ಪೆಟ್ಟಿಗೆ ಮುಗಿಯೋ ತನಕ ನೋಡ್ತಿದ್ದ. ನಮಗೆ ಸಿಗ್ತಿದ್ದದ್ದು ಅವನಿಗೆ ಸೇರದೇ ಇದ್ದದ್ದು ಮಾತ್ರ. ಆ ಅಂಗಡಿಯಲ್ಲಿ ನಮಗೆ ಒಳ್ಳೇ ಬಿಯರ್ ಸಿಗೋಕೆ ಶುರುವಾದದ್ದೇ ನೀವು ಬಂದ ಮೇಲೆ!"