ಬುಬುವಿಗೆ ಇಷ್ಟವಾದದ್ದು

ಬುಬು ಉನಾಯ್ಸಿ ತೀರಿಕೊಂಡ ಸುದ್ದಿ ಬಂದಾಗ ಅವಳ ಮೊಮ್ಮಗ ರುಸಿಯಾತೆ ಸುವಾ ನಗರದ ವಿಶ್ವವಿದ್ಯಾಲಯದ ಅಡುಗೆ ಕೋಣೆಯಲ್ಲಿ ಕೆಸುವಿನೆಲೆ ತೊಳೆಯುತ್ತಿದ್ದ. ಫೋನಿನಲ್ಲಿ ಸೋದರತ್ತೆ ಲೋಸನ ಹೇಳಿದ್ದು ಇಷ್ಟೇ: "ಬಾರಪ್ಪ. ನಿಮ್ಮಜ್ಜಿ ಬೆಳಗಿನ ಪ್ರಾರ್ಥನೆಗೆ ಏಳಲಿಲ್ಲ." ಅವನು ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತ. ನೀರು ತುಂಬಿ, ಚೆಲ್ಲಿ, ಕಾಲು ತೋಯಿಸಿತು.

ತಾಯಿಯಿಲ್ಲದ ಅವನನ್ನು ಸಾಕಿದವಳು ಬುಬು. ರಗ್ಬಿ ಆಡಿ ಮೊಣಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದವನನ್ನು, ಮೂವತ್ತು ದಾಟಿದ ಮೇಲೆ, "ಹೋಗಿ ಓದು" ಎಂದು ಅಟ್ಟಿದವಳೂ ಅವಳೇ. ಅವನಿಗೆ ಬೇಕಾದದ್ದು ಮನುಷ್ಯರ ಆಹಾರ, ಪೋಷಣೆಯ ಪದವಿ. ಆದರೆ ಶಾಲೆಯ ಅಂಕ ಸಾಲದವರು ಮೊದಲು ಒಂದು ವರ್ಷ ತಳಪಾಯದ ತರಗತಿಯಲ್ಲಿ ಕೂರಬೇಕು. ರುಸಿಯಾತೆ ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿ ಎರಡನೆಯ ವರ್ಷವೂ ಅಲ್ಲೇ ಕೂತಿದ್ದ. ಈ ಸಲ ರಸಾಯನ ದಾಟಿತ್ತು. ಉಳಿದದ್ದು ಒಂದೇ ಪರೀಕ್ಷೆ. ಅವನ ಊರಿನವರು ಸಂಜೆಯ ಊಟಕ್ಕೆ ಸೊಪ್ಪು ತಿನ್ನುವುದನ್ನು ತರಗತಿಯ ಮೇಡಂ ಮುಂದಿನ ತಿಂಗಳು ಬಂದು ಕಣ್ಣಾರೆ ನೋಡಬೇಕು. ನೋಡಿದರೆ ಪದವಿ, ನೋಡದಿದ್ದರೆ ಮತ್ತೆ ತಳಪಾಯ.

ಊರಿನಲ್ಲಿ ಸೊಪ್ಪೆಂದರೆ ಹಂದಿಯ ಮೇವು. ಮನುಷ್ಯರಿಗೆ ಬಿಳಿ ಅನ್ನ, ಡಬ್ಬಿ ಮಾಂಸ, ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ. ಅವನು ರಜೆಗೆ ಹೋದಾಗ ತೆಂಗಿನ ಹಾಲಿನಲ್ಲಿ ಬೇಯಿಸುತ್ತಿದ್ದ ಸೊಪ್ಪನ್ನು ತಟ್ಟೆ ಖಾಲಿ ಮಾಡಿ ತಿನ್ನುತ್ತಿದ್ದವಳು ಬುಬು ಒಬ್ಬಳೇ.

ಅದಕ್ಕೇ ಅವನು ತೊಳೆದ ಎಲೆಗಳನ್ನೆಲ್ಲ ಕಟ್ಟಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಸಾವಿನ ಮನೆಯಲ್ಲಿ ಇದನ್ನು ಬೇಯಿಸಿ ಎಲ್ಲರಿಗೂ ಬಡಿಸುವುದೆಂದು ಅವನ ಮನಸ್ಸು. ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸೊಬ್ಬಳು ವಿಷಯ ಕೇಳಿ, "ಅಯ್ಯೋ ಮಗನೇ" ಎಂದು ಅವನನ್ನು ತಬ್ಬಿಕೊಂಡು ಅತ್ತಳು. ಅವಳು ಇಳಿದು ಹೋಗುವ ಹೊತ್ತಿಗೆ ಕಟ್ಟು ಚಪಾತಿಯಂತಾಗಿತ್ತು.

ದೋಣಿ ಕಟ್ಟೆಯಲ್ಲಿ ಭಾವ ಪೆನಾಯ ಕಾಯುತ್ತಿದ್ದ. ಅತ್ತೆಯ ಮಗ, ಹೆಣದ ಮುಂದೆಯೂ ಅಣಕಿಸುವ ಹಕ್ಕಿನವನು. ಕಣ್ಣು ಕೆಂಪಾಗಿದ್ದರೂ ಬಾಯಿ ಸುಮ್ಮನಿರಲಿಲ್ಲ.

"ಬಾ ಭಾವ. ಪಾಯ ತೋಡಿ ತೋಡಿ ಬಾವಿ ಆಯ್ತಂತಲ್ಲ, ನೀರು ಬಂತಾ?"

"ಬಾಯಿ ಮುಚ್ಚಿ ಹುಟ್ಟು ಹಾಕು."

ಮನೆಯ ಅಂಗಳದಲ್ಲಿ ಅವನ ಕಂಕುಳಿನ ಕಟ್ಟು ಕಂಡವರೆಲ್ಲ ಮುಖ ಮುಖ ನೋಡಿಕೊಂಡರು. ಲೋಸನತ್ತೆ ಓಡಿ ಬಂದು ಕಟ್ಟನ್ನು ಕಿತ್ತುಕೊಂಡಳು. "ಇದನ್ನ ಇವತ್ತು ಒಳಗೆ ತರಬೇಡಪ್ಪ" ಎಂದು ಹಂದಿ ದೊಡ್ಡಿಯ ಕಡೆ ನಡೆದಳು.

ರುಸಿಯಾತೆ ಬುಬುವಿನ ಹಣೆಗೆ ಮುತ್ತಿಟ್ಟು, ಮನಸಾರೆ ಅತ್ತು, ಹಿತ್ತಲಿಗೆ ಹೋಗಿ ಬೇರೆ ಎಲೆ ಕೊಯ್ದ. ನೆರೆಮನೆಯವಳು ಅವನ ಕೈ ಹಿಡಿದು, "ಬೇಡ ಮಗ, ಕರುಳು ಕಿತ್ತು ಬರ್ತದೆ" ಎಂದು ಎಲೆ ಕಸಿದುಕೊಂಡಳು. ಮೂರನೆಯ ಸಲ ಕದ್ದು ಒಲೆಯ ಮೇಲಿಟ್ಟ ಪಾತ್ರೆಯನ್ನೇ ಪೆನಾಯ ಎತ್ತಿಕೊಂಡು ಹೋದ. ಹೆಂಗಸರು ಮೂಲೆಯಲ್ಲಿ, "ಪಾಪ, ಅವನಿಗಿನ್ನೂ ಯಾರೂ ಹೇಳಿಲ್ಲ" ಎಂದು ಪಿಸುಗುಟ್ಟಿದರು. ಸೊಪ್ಪನ್ನು ಕಂಡರೆ ಈ ಊರಿಗೆ ಇಷ್ಟೊಂದು ದ್ವೇಷವೇ ಎಂದು ಅವನು ನೊಂದುಕೊಂಡ.

ಸಂಜೆ ಚಾಪೆ ಹಾಸಿ ಎಲ್ಲರೂ ಕೂತರು. ಊರ ಹಿರಿಯ ವೈಸಾಲೆ ಗಂಟಲು ಸರಿಮಾಡಿಕೊಂಡ. "ಹಿಂದಿನಿಂದ ಬಂದ ಪದ್ಧತಿ. ಹೋದವರಿಗೆ ಯಾವುದು ಪ್ರಾಣವಾಗಿತ್ತೋ ಅದನ್ನ ಇರೋರು ನೂರು ರಾತ್ರಿ ಬಾಯಿಗೆ ಹಾಕೋದಿಲ್ಲ. ಹಿರೀ ಮೊಮ್ಮಗ ಮೊದಲು ಮಾತಾಡಲಿ."

ರುಸಿಯಾತೆಯ ತಲೆಯಲ್ಲಿ ದೀಪ ಹೊತ್ತಿತು. ದಿನವಿಡೀ ಆ ಚಹಾ ಹೀರುತ್ತಿದ್ದ ಬುಬುವಿಗೆ ಪ್ರಾಣವಾದದ್ದು ಸಕ್ಕರೆಯಲ್ಲದೆ ಇನ್ನೇನು! ನೂರು ರಾತ್ರಿ ಊರು ಸಕ್ಕರೆ ಬಿಟ್ಟರೆ ಸೊಪ್ಪಿನ ದಾರಿ ತಾನೇ ತೆರೆಯುತ್ತದೆ. ಸತ್ತ ಮೇಲೂ ಅಜ್ಜಿ ತನ್ನನ್ನು ಕೈಬಿಡಲಿಲ್ಲ. ಅವನು ಎದ್ದು ನಿಂತ.

"ಅಜ್ಜ, ಈಚೆಗೆ ಈ ವ್ರತ ಬರೀ ಹೆಸರಿಗಾಗಿದೆ. ಹಗಲು ಬಿಡೋದು, ರಾತ್ರಿ ಕದ್ದು ತಿನ್ನೋದು. ನಮ್ಮಜ್ಜಿ ವಿಷಯದಲ್ಲಿ ಹಾಗಾಗಬಾರದು. ಆ ಪದಾರ್ಥ ಒಂದೇ ಅಲ್ಲ, ಅದರ ಜಾತಿಗೆ ಸೇರಿದ್ದು ಯಾವುದನ್ನೂ ಮುಟ್ಟಬಾರದು. ಮಕ್ಕಳಿಗೂ ಕೊಡಬಾರದು. ಯಾರು ಮುರೀತಾರೋ ಅವರು ಬುಬುವಿನ ಸಮಾಧಿ ಮೇಲೆ ಕಾಲಿಟ್ಟ ಹಾಗೆ!"

ಪಾದ್ರಿಗಳು "ಆಮೆನ್" ಎಂದರು. ವೈಸಾಲೆ ಕಣ್ಣೊರೆಸಿಕೊಂಡ. "ಎಂಥ ಮೊಮ್ಮಗ! ಹಾಗೇ ಆಗಲಿ. ಲೋಸನ, ಯಾವುದು ಅಂತ ಹೇಳಮ್ಮ."

"ಸೊಪ್ಪು" ಎಂದಳು ಲೋಸನತ್ತೆ.

ರುಸಿಯಾತೆ ಕೂತ. ಕೂತನೆಂದರೆ ತಪ್ಪು, ಗೋಡೆಗೆ ಒರಗಿಸಿದ ಮರಗೆಣಸಿನ ಮೂಟೆ ಜಾರಿದಂತೆ ಜಾರಿದ.

"ಅತ್ತೆ," ಎಂದು ಪಿಸುಗುಟ್ಟಿದ, "ನಿಜ ಹೇಳು."

"ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದಳಪ್ಪ, 'ನನ್ನ ರೂಸಿ ಬೇಯಿಸೋ ಸೊಪ್ಪೇ ನನ್ನ ಪ್ರಾಣ' ಅಂತ. ಇಷ್ಟ ಎಲ್ಲಿಂದ ಬರಬೇಕು! ಉಸಿರು ಹಿಡ್ಕೊಂಡು ನುಂಗೋಳು. ನೀನು ಆಚೆ ಹೋದ ಮೇಲೆ ಎರಡು ಚೆಂಬು ನೀರು ಕುಡಿಯೋಳು. ಯಾಕಮ್ಮ ಅಂದ್ರೆ, 'ಮಗು ಕಷ್ಟಪಟ್ಟು ಓದ್ತಿದೆ, ಊರು ಆಡ್ಕೋಬಾರ್ದು' ಅನ್ನೋಳು."

"ಮತ್ತೆ ನಿಜವಾಗಿ ಇಷ್ಟ ಇದ್ದದ್ದು?"

"ಡಬ್ಬಿ ಮಾಂಸ."

"ಅದನ್ನೇ ಹೇಳಬಾರದಿತ್ತಾ?"

"ಹೋದೋಳ ಮಾತನ್ನ ನಾನು ಸುಳ್ಳು ಮಾಡ್ಲಾ?"

ಅಷ್ಟರಲ್ಲಿ ಊಟ ಬಂತು. ಬಿಳಿ ಅನ್ನ, ಅದರ ಮೇಲೆ ಡಬ್ಬಿ ಮಾಂಸ. ಪೆನಾಯ ಪಕ್ಕಕ್ಕೆ ಸರಿದು ಕೂತು ಭಾವನ ಹೆಗಲ ಮೇಲೆ ಕೈ ಹಾಕಿದ.

"ಮೇಡಂ ಬರೋದು ಮುಂದಿನ ತಿಂಗಳಲ್ವಾ ಭಾವ? ಬಿಡು. ಪಾಯ ಆಳವಾಗಿದ್ದಷ್ಟೂ ಗೋಡೆ ಗಟ್ಟಿ."

ಪಾದ್ರಿಗಳು ಪ್ರಾರ್ಥನೆ ಮಾಡೆಂದು ರುಸಿಯಾತೆಗೆ ಸನ್ನೆ ಮಾಡಿದರು. ಅವನು ಕಣ್ಣು ಮುಚ್ಚಿದ. ಉಸಿರು ಹಿಡಿದುಕೊಂಡು, ಎದುರಿಗೆ ನಗುತ್ತ, ತಟ್ಟೆ ಖಾಲಿ ಮಾಡುವ ಮುದುಕಿ ಕಣ್ಣ ಮುಂದೆ ಬಂದಳು. ಅವನಿಗೆ ನಗುವೂ ಬಂತು, ಅಳುವೂ ಬಂತು. ಯಾವುದು ಮೊದಲೆಂದು ಅವನಿಗೇ ತಿಳಿಯಲಿಲ್ಲ.

"ಕರ್ತನೇ, ನಮ್ಮ ಬುಬು ನಿನ್ನ ಬಳಿ ಬಂದಿದ್ದಾಳೆ. ಅವಳ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಪಂಕ್ತಿಯಲ್ಲಿ ಅವಳಿಗೆ ಒಳ್ಳೆಯ ಜಾಗ ಕೊಡು. ನನಗೋಸ್ಕರ ಅವಳಿನ್ನು ಸೊಪ್ಪು ತಿನ್ನಬೇಕಾಗಿಲ್ಲವೆಂದು ಹೇಳು. ನಿಜವಾಗಿ ಏನು ಬೇಕೆಂದು ಕೇಳಿ, ಅದನ್ನೇ ಹೊಟ್ಟೆ ತುಂಬ ಬಡಿಸು. ಆಮೆನ್."