ನಾನು ತಿದ್ದಿದ ಜಪಾನೀ ಬೆಟ್ಟ

ಕಣ್ಣೆದುರು ಅಕ್ಷರವೊಂದು ಅರೆಬರೆಯಾಗಿ ನಿಂತಿದ್ದರೆ ತಿದ್ದದೆ ಸುಮ್ಮನಿರುವುದು ನಮ್ಮವರಿಂದ ಆಗದ ಮಾತು. ಸ್ಲೇಟಿನ ಮೇಲೆ ಮೇಷ್ಟ್ರು ಬರೆದುಕೊಟ್ಟ 'ಅ'ವನ್ನು ಅದು ಕುಂಬಳಕಾಯಿಯಷ್ಟು ದಪ್ಪವಾಗುವವರೆಗೆ ತಿದ್ದಿಯೇ ಅಲ್ಲವೇ ನಾವೆಲ್ಲ ಅಕ್ಷರಸ್ಥರಾದದ್ದು? ಅದರ ಮೇಲೆ ನನ್ನ ಹೊಟ್ಟೆಪಾಡೂ ಅಂಥದ್ದೇ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪ್ ನಡೆಸುತ್ತೇನೆ. ಎಲ್ಲಿ ಗೀರು ಕಂಡರೂ ಕೈ ತುರಿಸುತ್ತದೆ.

ಹೀಗಿರುವಾಗ ನನ್ನ ಹೆಂಡತಿ ವಾರಿಜ ಇಲ್ಲಿನ ಸಿಲಿಕಾನ್ ಓಯಸಿಸ್‌ನಲ್ಲಿ ಜಪಾನೀ ಟೀಚರೊಬ್ಬರ ಹತ್ತಿರ ಕುಂಚದ ಬರಹ ಕಲಿಯಲು ಹೋದಳು. ಮನೆಗೆ ಬಂದು ನನಗೂ ಪಾಠ. ಜಪಾನಿನವರ ಬರಹ ಒಂದು ಕಾಲದಲ್ಲಿ ಬಲು ನಯನಾಜೂಕಾಗಿತ್ತಂತೆ. ಆಮೇಲೆ ಚೀನಾದ ವಿದ್ವಾಂಸನೊಬ್ಬ ತನ್ನ ನಾಡಿನ ಹಳೆಯ ಶಿಲಾಶಾಸನಗಳಿಂದ ತೆಗೆದ ಕಾಗದದ ಅಚ್ಚುಗಳನ್ನು ಗಂಟುಕಟ್ಟಿಕೊಂಡು ಅಲ್ಲಿಗೆ ಬಂದನಂತೆ. ಅಂಚು ಮುಕ್ಕಾದ ಆ ಅಕ್ಷರಗಳ ಕಸುವು ಕಂಡು ಜಪಾನಿನವರು ದಂಗಾದರಂತೆ. ಅಲ್ಲಿಂದಾಚೆ ಕುಂಚಕ್ಕೂ ಉಳಿಯ ಒರಟುತನ ಬಂತು, ಓದುವ ಬರಹ ಗೋಡೆಯ ಮೇಲೆ ನೋಡುವ ಕಲೆಯಾಯಿತು. "ಒರಟಾಗಿದ್ರೇನೇ ಚಂದವಾ?" ಎಂದೆ. "ನಿಮ್ಮನ್ನು ಕಟ್ಟಿಕೊಂಡವಳಿಗೆ ಅದು ಮೊದಲೇ ಗೊತ್ತುಂಟು" ಎಂದಳು. ಹೊಗಳಿಕೆಯೆಂದೇ ತೆಗೆದುಕೊಂಡೆ.

ಅವಳ ಮೊದಲ ಪ್ರದರ್ಶನದ ದಿನ ಬಂತು. ಊರಿನ ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಸುದ್ದಿ ಹೋಗಿತ್ತು. 'ಬೆಟ್ಟ' ಎಂಬ ಅರ್ಥದ ಒಂದೇ ಒಂದು ಜಪಾನೀ ಅಕ್ಷರ. ತಿಂಗಳುಗಟ್ಟಲೆ ಬರೆದದ್ದರಲ್ಲಿ ಟೀಚರು ಒಪ್ಪಿದ್ದು ಅದೊಂದನ್ನೇ. ಅದನ್ನು ಮೇಜಿನ ಮೇಲೆ ಹರಡಿಟ್ಟು ಅವಳು ಸ್ನಾನಕ್ಕೆ ಹೋದಳು. ನೋಡುತ್ತೇನೆ, ಮಸಿ ಸಾಲದೆ ಗೆರೆಯ ನಡುವೆ ಬಿಳಿ ಬಿಳಿ ಗೀರು! ಪಾಪ, ನಾಲ್ಕು ಜನರೆದುರು ಅವಳ ಮರ್ಯಾದೆ ಹೋಗಬಾರದಲ್ಲ. ಕುಂಚ ಅದ್ದಿ, ಒಂದು ಗೀರೂ ಉಳಿಯದಂತೆ ತುಂಬಿದೆ. ಬೆಟ್ಟ ಈಗಷ್ಟೇ ಶೋರೂಮಿನಿಂದ ಇಳಿದ ಹಾಗಾಯಿತು.

"ಅಯ್ಯೋ ದೇವರೇ! ಎಂತ ಮಾಡಿದ್ರಿ ಮಾರಾಯ್ರೇ?" ಅವಳ ತಲೆಗೂದಲಿಂದ ನೀರಿಳಿಯುತ್ತಿತ್ತು, ಕಣ್ಣಿಂದಲೂ. "ಒಂದೇ ಉಸಿರಲ್ಲಿ ಎಳೀಬೇಕು ಅದನ್ನು. ಎರಡನೇ ಸಲ ಮುಟ್ಲಿಕ್ಕೇ ಇಲ್ಲ. ಆ ಬಿಳಿಯೇ ಅದರ ಜೀವ. ಖಲಾಸ್, ಎಲ್ಲ ಖಲಾಸ್!" ಕೈಯಲ್ಲಿದ್ದ ಕುಂಚವನ್ನು ಬೆನ್ನ ಹಿಂದೆ ಅಡಗಿಸಿದೆ. ಹಾಗೆಂದು ಧೈರ್ಯ ಬಿಡುವ ಆಸಾಮಿಯಲ್ಲ ನಾನು. "ಇನ್ನೊಂದು ಬರಿ, ಅದಕ್ಕೇನಂತೆ?" ಎಂದುಬಿಟ್ಟೆ. ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಹೊಸ ಹಾಳೆ ಹಾಸಿ, ನೈಟಿಯ ತೋಳು ಮೇಲೇರಿಸಿ, ಕುಂಚವನ್ನು ಎತ್ತಿ ಬಡಿದಂತೆ ಬರೆದಳು. ಮಸಿ ನನ್ನ ಅಂಗಿಯವರೆಗೂ ಹಾರಿತು.

ಸಂಜೆ ಪ್ರದರ್ಶನದಲ್ಲಿ ಟೀಚರು ಆ ಹೊಸ ಬೆಟ್ಟದೆದುರು ಬಹಳ ಹೊತ್ತು ನಿಂತು, "ಕಲ್ಲಿನಲ್ಲಿ ಕೆತ್ತಿದ ಹಾಗಿದೆ. ಈ ಬಲ ಎಲ್ಲಿಂದ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ವಾರಿಜ ನನ್ನ ಕಡೆ ನೋಡಿ, ಕನ್ನಡದಲ್ಲೇ ಹೇಳಿದಳು: "ಹಾಳೆಯನ್ನು ಇವರ ತಲೆ ಅಂತ ನೆನೆಸಿಕೊಂಡು ಬಾರಿಸಿದ್ದು."

ಟೀಚರು ಅರ್ಥಕ್ಕಾಗಿ ನನ್ನತ್ತ ತಿರುಗಿದರು. "ಬರೆಯುವಾಗ ಅವಳ ಮನಸ್ಸಿನ ತುಂಬ ನಾನೇ ಇದ್ದೆನಂತೆ" ಎಂದು ಅನುವಾದಿಸಿ, ಫೋಟೋಕ್ಕೆ ಅವಳ ಪಕ್ಕ ನಿಂತೆ.